ಮ್ಯಾಂಚೆಸ್ಟರ್ ಸಿಟಿ ಸಂಘದ ಪತನ: ೧೯೩೭-೩೮ನೆಯ ಕ್ರೀಡಾವರ್ಷದ ವಿಮರ್ಶೆ

ಕಾಲ್ಚೆಂಡಿನಾಟದ ಚರಿತ್ರೆಯಲ್ಲಿ ವಿಜಯಗಳ ಕಥನವು ವಿಪುಲವಾಗಿದೆ. ಪತನಗಳ ವಿಚಾರವು ವಿರಳವಾಗಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಎಂಬ ಸಂಘವು ೧೯೩೭ರಲ್ಲಿ ಆ ದೇಶದ ಲೀಗಿನ ಅಗ್ರಪದವಿಯನ್ನು ಪಡೆದು, ೧೯೩೮ರ ಮೇ ತಿಂಗಳಲ್ಲಿ ಪ್ರಥಮ ಶ್ರೇಣಿಯಿಂದಲೇ ಕೆಳಗೆ ತಳ್ಳಲ್ಪಟ್ಟಿತು. ಹಿಂದಿನ ವರ್ಷದ ಚಾಂಪಿಯನ್ ಸಂಘವು ಮರುವರ್ಷವೇ ಕೆಳಗಿನ ಶ್ರೇಣಿಗೆ ಇಳಿದುದು ಇಂಗ್ಲೆಂಡಿನಲ್ಲಿ ಅದೊಂದೇ ಸಲ; ೨೦೨೪-೨೫ನೆಯ ಕ್ರೀಡಾವರ್ಷದ ಕೊನೆಯವರೆಗೂ ಅಂತಹ ಎರಡನೆಯ ನಿದರ್ಶನವು ಉಂಟಾಗಲಿಲ್ಲ. ಇದಕ್ಕಿಂತಲೂ ಸೋಜಿಗವಾದುದು ಇನ್ನೊಂದಿದೆ. ಕೆಳಗಿಳಿದ ಆ ವರ್ಷದಲ್ಲಿ ಪ್ರಥಮ ಶ್ರೇಣಿಯ ಇಪ್ಪತ್ತೆರಡು ಸಂಘಗಳ ಪೈಕಿ ಅತ್ಯಧಿಕ ಗೋಲುಗಳನ್ನು ಹೊಡೆದುದೂ ಇದೇ ಸಂಘ. ಈ ಎರಡು ಸಂಗತಿಗಳೂ ಸತ್ಯವೇ. ಆದರೆ ಇವುಗಳಿಂದ ಸಾಮಾನ್ಯವಾಗಿ ತೆಗೆಯಲ್ಪಡುವ ನಿರ್ಣಯವು, ಎಂದರೆ ಇದು ಕಾರಣವಿಲ್ಲದ ದೈವಲೀಲೆ ಎಂಬುದು, ಪರೀಕ್ಷೆಗೆ ನಿಲ್ಲುವುದೋ ಇಲ್ಲವೋ ಎಂಬುದು ವಿಚಾರಣೀಯವಾಗಿದೆ.

ವಿಷಯವು ವಿಶದವಾಗುವುದಕ್ಕೆ ಲೀಗಿನ ಏರ್ಪಾಡನ್ನು ಮೊದಲು ಅರಿಯತಕ್ಕದ್ದು. ಇಂಗ್ಲೆಂಡಿನ ಫುಟ್‌ಬಾಲ್ ಲೀಗು ೧೮೮೮ರಲ್ಲಿ ಹನ್ನೆರಡು ಸಂಘಗಳಿಂದ ಪ್ರಾರಂಭವಾಯಿತು. ೧೮೯೨ರಲ್ಲಿ ದ್ವಿತೀಯ ಶ್ರೇಣಿಯು ಸೇರಿತು. ಮೊದಮೊದಲು ಮೇಲಿನ ಶ್ರೇಣಿಯ ಕಡೆಯವರಿಗೂ ಕೆಳಗಿನ ಶ್ರೇಣಿಯ ಮೊದಲಿನವರಿಗೂ ಪರೀಕ್ಷಾಪಂದ್ಯಗಳು ನಡೆದು ಏರಿಳಿತವು ನಿಶ್ಚಯವಾಗುತ್ತಿತ್ತು; ೧೮೯೮ರಲ್ಲಿ ಆ ಪದ್ಧತಿಯು ನಿಂತು, ಮೇಲಿನ ಶ್ರೇಣಿಯ ಕಟ್ಟಕಡೆಯ ಎರಡು ಸಂಘಗಳು ತಾವಾಗಿಯೇ ಇಳಿಯತಕ್ಕದ್ದೆಂದೂ ಕೆಳಗಿನ ಶ್ರೇಣಿಯ ಮೊದಲ ಎರಡು ಏರತಕ್ಕದ್ದೆಂದೂ ಗೊತ್ತಾಯಿತು. ೧೯೧೯ರಿಂದ ಪ್ರತಿಯೊಂದು ಶ್ರೇಣಿಯಲ್ಲಿಯೂ ಇಪ್ಪತ್ತೆರಡು ಸಂಘಗಳಿದ್ದುವು. ಪ್ರತಿಯೊಂದೂ ಉಳಿದ ಇಪ್ಪತ್ತೊಂದರೊಡನೆ ಸ್ವಸ್ಥಳದಲ್ಲಿ ಒಂದು ಸಲ, ಪರಸ್ಥಳದಲ್ಲಿ ಒಂದು ಸಲ, ಒಟ್ಟು ೪೨ ಪಂದ್ಯಗಳನ್ನು ಆಡಬೇಕು. ಗೆದ್ದರೆ ಎರಡು ಅಂಕ, ಪಂದ್ಯವು ಸಮವಾದರೆ ಒಂದು, ಸೋತರೆ ಸೊನ್ನೆ. ಅಂಕಗಳು ಸಮನಾದಲ್ಲಿ ಹೊಡೆದ ಗೋಲುಗಳನ್ನು ಹೊಡೆಸಿಕೊಂಡ ಗೋಲುಗಳಿಂದ ಭಾಗಿಸಿ ಬಂದ ಲಬ್ಧವೇ ತಾರತಮ್ಯವನ್ನು ಹೇಳುವುದು. ಇದಕ್ಕೆ ಗೋಲಿನ ಸರಾಸರಿ ಎಂದು ಹೆಸರು.

ಮ್ಯಾಂಚೆಸ್ಟರ್ ಸಿಟಿಯ ಮೂಲವು ೧೮೮೦ರಲ್ಲಿ ಆ ನಗರದ ವೆಸ್ಟ್ ಗಾರ್ಟನ್ ಭಾಗದ ಸೇಂಟ್ ಮಾರ್ಕ್ಸ್ ಎಂಬ ಕ್ರೈಸ್ತ ದೇವಾಲಯದ ಆಶ್ರಯದಲ್ಲಿ ಕೂಡಿದ ಸಣ್ಣ ತಂಡ. ೧೮೮೭ರಲ್ಲಿ ಆರ್ಡ್‌ವಿಕ್ ಎಂಬ ಹೆಸರನ್ನೂ ೧೮೯೪ರಲ್ಲಿ ಈಗಿನ ಹೆಸರನ್ನೂ ತಾಳಿದ ಆ ಸಂಘವು ೧೯೨೩ರಲ್ಲಿ ಮೇನ್ ರೋಡ್ ಎಂಬ ಕ್ರೀಡಾಂಗಣಕ್ಕೆ ಬಂದಿತು. ೧೯೩೪ರ ಮಾರ್ಚ್ ೩ರಂದು ಅಲ್ಲಿ ಸ್ಟೋಕ್ ಸಿಟಿಯೊಡನೆ ನಡೆದ ಕಪ್ ಪಂದ್ಯಕ್ಕೆ ೮೪,೫೬೯ ಮಂದಿ ಪ್ರೇಕ್ಷಕರು ನೆರೆದಿದ್ದರೆಂಬುದರಿಂದ ಆ ಸಂಘಕ್ಕೆ ನಗರದಲ್ಲಿದ್ದ ಮನ್ನಣೆಯನ್ನು ಊಹಿಸಬಹುದು. ಆ ವರ್ಷವೇ ಅದು ಪೋರ್ಟ್ಸ್‌ಮತ್ ಸಂಘವನ್ನು ಸೋಲಿಸಿ ಎಫ್. ಎ. ಕಪ್ಪನ್ನು ಪಡೆಯಿತು. ಇಪ್ಪತ್ತೇ ವರ್ಷ ವಯಸ್ಸಿನ ಗೋಲುಗಾವಲಿನ ಫ್ರಾಂಕ್ ಸ್ವಿಫ್ಟ್ ಆ ಪಂದ್ಯ ಮುಗಿದೊಡನೆಯೇ ಉದ್ವೇಗದಿಂದ ಮೂರ್ಛೆಹೋದನೆಂಬುದು ಪ್ರಸಿದ್ಧವಾಗಿದೆ. ೧೯೩೬ರ ಫೆಬ್ರುವರಿಯಲ್ಲಿ ಐರ್ಲೆಂಡಿನವನಾದ ಪೀಟರ್ ಡೊಹರ್ಟಿಯನ್ನು ಹತ್ತು ಸಾವಿರ ಪೌಂಡುಗಳನ್ನು ಕೊಟ್ಟು ಬ್ಲ್ಯಾಕ್‌ಪೂಲ್ ಸಂಘದಿಂದ ಕರೆತಂದರು. ಆಗ ಸಂಘದ ವ್ಯವಹಾರವು ವಿಲ್ಫ್ ವೈಲ್ಡ್ ಎಂಬಾತನ ಕೈಯಲ್ಲಿತ್ತು.

೧೯೩೬-೩೭ನೆಯ ವರ್ಷದಲ್ಲಿ ಇವರೆಲ್ಲರ ಪರಿಶ್ರಮವು ಫಲಿಸಿತು. ಮೊದಲ ಇಪ್ಪತ್ತು ಪಂದ್ಯಗಳಲ್ಲಿ ಏಳನ್ನು ಸೋತಿದ್ದ ಸಂಘವು ಅನಂತರದ ೨೨ ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ೧೯೩೭ರ ಏಪ್ರಿಲ್ ೨೪ರಂದು ಷೆಫೀಲ್ಡ್ ವೆನ್ಸ್‌ಡೇ ಸಂಘವನ್ನು ೪-೧ರಿಂದ ಗೆದ್ದು ಅಗ್ರಪದವಿಯನ್ನು ನಿಶ್ಚಯಪಡಿಸಿಕೊಂಡಿತು. ಗೆಲವು ೨೨, ಸಮ ೧೩, ಸೋಲು ೭, ಅಂಕ ೫೭. ಹೊಡೆದ ಗೋಲುಗಳು ೧೦೭, ಹೊಡೆಸಿಕೊಂಡುವು ೬೧. ಇವುಗಳಲ್ಲಿ ಡೊಹರ್ಟಿಯೊಬ್ಬನೇ ಹೊಡೆದುವು ೩೦. ಸಂಘದ ಚರಿತ್ರೆಯಲ್ಲಿ ಅದು ಮೊದಲನೆಯ ಲೀಗು ವಿಜಯ.

ಮರುವರ್ಷ ಆ ತಂಡವು ಚದರಿಹೋಗಿರಲಿಲ್ಲವೆಂಬುದನ್ನು ಲಕ್ಷಿಸಬೇಕು. ಡೊಹರ್ಟಿ, ಎರಿಕ್ ಬ್ರೂಕ್, ಅಲೆಕ್ ಹರ್ಡ್, ಸ್ಯಾಮ್ ಬಾರ್ಕಸ್, ಸ್ವಿಫ್ಟ್ ಮೊದಲಾದ ಮುಖ್ಯರೆಲ್ಲರೂ ಅಲ್ಲಿಯೇ ಇದ್ದರು. ಜರ್ಮನಿಯ ನ್ಯೂರೆಂಬರ್ಗ್ ಸಂಘವು ೧೯೬೮ರಲ್ಲಿ ಚಾಂಪಿಯನ್ನಾಗಿ ೧೯೬೯ರಲ್ಲಿ ಹೀಗೆಯೇ ಕೆಳಗಿಳಿದಾಗ, ಬ್ರುಂಗ್ಸ್ ಮೊದಲಾದ ಗೆದ್ದ ಆಟಗಾರರು ಕೆಲವರು ಹೊರಟುಹೋಗಿದ್ದರೆಂಬ ಸ್ಪಷ್ಟವಾದ ಕಾರಣವಿತ್ತು. ಮ್ಯಾಂಚೆಸ್ಟರಿನಲ್ಲಿ ಆ ಸಮಾಧಾನವು ಹೊಂದುವುದಿಲ್ಲ. ಆದರೂ ೧೯೩೭-೩೮ರ ಕೊನೆಯ ಲೆಕ್ಕವು ಹೀಗಾಯಿತು: ಗೆಲವು ೧೪, ಸಮ ೮, ಸೋಲು ೨೦, ಅಂಕ ೩೬, ಹೊಡೆದ ಗೋಲು ೮೦, ಹೊಡೆಸಿಕೊಂಡುವು ೭೭. ಸ್ಥಾನವು ಇಪ್ಪತ್ತೊಂದನೆಯದು.

ಕೊನೆಯ ಪಂದ್ಯವು ೧೯೩೮ರ ಮೇ ೭ರಂದು ಹಡರ್ಸ್‌ಫೀಲ್ಡ್ ಟೌನ್ ಸಂಘದೊಡನೆ ಅವರ ಲೀಡ್ಸ್ ರೋಡ್ ಅಂಗಣದಲ್ಲಿ ನಡೆಯಿತು. ಹಡರ್ಸ್‌ಫೀಲ್ಡಿನವರು ಒಂದು ವಾರದ ಹಿಂದೆಯಷ್ಟೇ ಕಪ್ಪಿನ ಅಂತಿಮ ಪಂದ್ಯವನ್ನು ಪ್ರೆಸ್ಟನ್ ಸಂಘಕ್ಕೆ ಒಂದು ಗೋಲಿನಿಂದ ಒಪ್ಪಿಸಿ ಬಂದವರು. ಅವರಿಗೂ ಶ್ರೇಣಿಯನ್ನು ಕಳೆದುಕೊಳ್ಳುವ ಭಯವಿತ್ತು. ಆ ದಿನದ ಪ್ರಾರಂಭದಲ್ಲಿ ಅವರಿಗೆ ೩೭ ಅಂಕಗಳು, ಸಿಟಿಗೆ ೩೬. ಹಡರ್ಸ್‌ಫೀಲ್ಡಿನವರು ೧-೦ರಿಂದ ಗೆದ್ದು ೩೯ಕ್ಕೆ ಏರಿದರು. ಸಿಟಿಯು ೩೬ರಲ್ಲಿಯೇ ನಿಂತು ಇಳಿಯಿತು. ಆ ಒಂದು ಫಲವು ತಿರುಗಿದ್ದರೆ ಏನಾಗುತ್ತಿತ್ತೆಂಬುದನ್ನು ಪಟ್ಟಿಯಿಂದಲೇ ಗಣಿಸಬಹುದು. ಸಿಟಿಗೆ ೩೮, ಹಡರ್ಸ್‌ಫೀಲ್ಡಿಗೆ ೩೭ ಅಂಕಗಳಾಗುತ್ತಿದ್ದುವು. ೩೮ ಅಂಕಗಳ ಸಂಘಗಳು ಆಗಲೇ ನಾಲ್ಕಿದ್ದುವು: ಸ್ಟೋಕ್, ಬರ್ಮಿಂಗ್‌ಹ್ಯಾಮ್, ಪೋರ್ಟ್ಸ್‌ಮತ್, ಗ್ರಿಮ್ಸ್‌ಬಿ. ಆ ನಾಲ್ಕೂ ಹೊಡೆದುದಕ್ಕಿಂತ ಹೊಡೆಸಿಕೊಂಡುದೇ ಹೆಚ್ಚು, ಸಿಟಿಯು ಹಾಗಲ್ಲ. ಆದುದರಿಂದ ಗೋಲಿನ ಸರಾಸರಿಯ ಬಲದಿಂದ ಅದು ಹದಿನಾರನೆಯ ಸ್ಥಾನದಲ್ಲಿ ನಿಲ್ಲುತ್ತಿತ್ತು, ಹಡರ್ಸ್‌ಫೀಲ್ಡು ಇಳಿಯುತ್ತಿತ್ತು. ಪಂದ್ಯವು ಸಮವಾಗಿದ್ದರೆ ಮಾತ್ರ ಸಿಟಿಗೆ ೩೭ ಅಂಕಗಳು ಬಂದೂ ಪತನವು ತಪ್ಪುತ್ತಿರಲಿಲ್ಲ.

ಇನ್ನು ಈ ಪತನಕ್ಕೆ ಹೇಳಬಹುದಾದ ಕಾರಣಗಳನ್ನು ಪೂರ್ವಪಕ್ಷಗಳಾಗಿ ಎಣಿಸಿ ಒಂದೊಂದನ್ನೂ ಪರೀಕ್ಷಿಸುವುದು ಯುಕ್ತ.

ಪ್ರಥಮ ಪಕ್ಷವು ಅದೃಷ್ಟವಾದ. ಈ ಸಂಘಕ್ಕೆ ಇಂತಹ ವೈಪರೀತ್ಯಗಳು ಸಹಜವೆಂದೂ, ಅದರ ಹಣೆಯಲ್ಲಿಯೇ ಹಾಗೆ ಬರೆದಿದೆಯೆಂದೂ ಹೇಳುವವರಿದ್ದಾರೆ. ಅವರು ಕೊಡುವ ದೃಷ್ಟಾಂತಗಳು ಬಲವಾಗಿಯೇ ಇವೆ. ೧೯೨೫-೨೬ರಲ್ಲಿ ಸಿಟಿಯು ೮೯ ಗೋಲುಗಳನ್ನು ಹೊಡೆದೂ, ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಗಿಯೂ, ೩೫ ಅಂಕಗಳಿಂದ ಕೆಳಗಿಳಿಯಿತು. ೩೬ ಅಂಕಗಳ ಲೀಡ್ಸ್ ಮತ್ತು ಬರ್ನ್‌ಲಿ ಸಂಘಗಳು ಉಳಿದುಕೊಂಡುವು. ಆ ವರ್ಷದ ಕೊನೆಯ ಪಂದ್ಯವನ್ನು ನ್ಯೂಕಾಸಲಿನಲ್ಲಿ ೩-೨ರಿಂದ ಸೋತಾಗ ಸಿಟಿಯು ಒಂದು ಪೆನಾಲ್ಟಿ ಹೊಡೆತವನ್ನು ವ್ಯರ್ಥಗೊಳಿಸಿತ್ತು. ೧೯೨೬-೨೭ರಲ್ಲಿ ಪೋರ್ಟ್ಸ್‌ಮತ್ತಿನೊಡನೆ ಅಂಕಗಳು ಸಮನಾಗಿ, ೧೦೮ನ್ನು ೬೧ರಿಂದ ಭಾಗಿಸಿದ ಲಬ್ಧವು ೮೭ನ್ನು ೪೯ರಿಂದ ಭಾಗಿಸಿದ ಲಬ್ಧಕ್ಕಿಂತ ಸಾವಿರದಲ್ಲಿ ಐದು ಪಾಲಿನಷ್ಟು ಕಡಮೆಯಾದುದರಿಂದ ಮೇಲಿನ ಶ್ರೇಣಿಯು ಕೈತಪ್ಪಿತು. ಇದಲ್ಲದೆ, ೧೯೩೭ರಲ್ಲಿ ಸಿಟಿಯು ಚಾಂಪಿಯನ್ನಾದಾಗ ಅದೇ ನಗರದ ಪ್ರತಿಸ್ಪರ್ಧಿಯಾದ ಮ್ಯಾಂಚೆಸ್ಟರ್ ಯುನೈಟೆಡ್ ಕೆಳಗಿಳಿಯಿತು. ೧೯೩೮ರಲ್ಲಿ ಸಿಟಿಯು ಇಳಿದಾಗ ಯುನೈಟೆಡ್ ಮೇಲೇರಿತು. ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯುವ ತಕ್ಕಡಿಯಂತೆ ಇದು ತೋರುವುದು ನಿಜ.

ಆದರೆ ಇದು ಕಾಕತಾಲೀಯವೇ ಹೊರತು ಕಾರ್ಯಕಾರಣಭಾವವಲ್ಲ. ಯುನೈಟೆಡ್ಡಿನವರು ೧೯೩೭-೩೮ರಲ್ಲಿ ಗಳಿಸಿದ ಅಂಕಗಳು ದ್ವಿತೀಯ ಶ್ರೇಣಿಯವು. ಅವುಗಳಲ್ಲಿ ಒಂದಾದರೂ ಸಿಟಿಯಿಂದ ಕಿತ್ತುಕೊಂಡುದಲ್ಲ. ಎರಡು ಪತನಗಳಿಗೆ ಹನ್ನೆರಡು ವರ್ಷಗಳ ಅಂತರವಿದ್ದು, ಮೊದಲನೆಯ ಸಲ ಸಿಟಿಯು ನೂರು ಗೋಲುಗಳನ್ನು ಹೊಡೆಸಿಕೊಂಡಿತ್ತಾದುದರಿಂದ ಅವೆರಡೂ ಒಂದೇ ಜಾತಿಯವೆಂದು ಹೇಳುವುದೂ ಆಗದು. ದೃಷ್ಟವಾದ ಕಾರಣವು ದೊರೆಯುವಲ್ಲಿ ಅದೃಷ್ಟವನ್ನು ಕಲ್ಪಿಸುವುದು ನ್ಯಾಯವಲ್ಲವೆಂಬುದು ಮೀಮಾಂಸಕರ ಮರ್ಯಾದೆ. ಆ ಮರ್ಯಾದೆಯು ಇಲ್ಲಿಗೂ ಸಲ್ಲುತ್ತದೆ.

ದ್ವಿತೀಯ ಪಕ್ಷವು ಆಟದ ರೀತಿಯನ್ನು ದೂಷಿಸುವುದು. ಸಿಟಿಯವರು ಮುನ್ನುಗ್ಗುವುದನ್ನು ಬಲ್ಲರು, ಕಾಯುವುದನ್ನು ಅರಿಯರು. ೮೦ನ್ನು ಹೊಡೆದು ೭೭ನ್ನು ಕೊಟ್ಟವರು ಬೀಳದೆ ಏನು ಮಾಡುವರು ಎಂಬುದು ಇದರ ತಾತ್ಪರ್ಯ. ಇದು ಮೇಲ್ನೋಟಕ್ಕೆ ಸರಿಯಾಗಿ ಕಾಣುತ್ತದೆ. ಆ ವರ್ಷ ೭೭ಕ್ಕಿಂತ ಹೆಚ್ಚು ಗೋಲುಗಳನ್ನು ಹೊಡೆಸಿಕೊಂಡವರು ಇಬ್ಬರೇ: ೯೧ರ ವೆಸ್ಟ್ ಬ್ರಾಮಿಚ್ ಆಲ್ಬಿಯನ್ ಮತ್ತು ೮೭ರ ಡರ್ಬಿ ಕೌಂಟಿ. ಆಲ್ಬಿಯನ್ ಸಂಘವು ಸಿಟಿಯೊಡನೆಯೇ ಇಳಿಯಿತು. ಆದರೆ ಡರ್ಬಿಯ ಗತಿಯೇನು? ಅದು ಹೊಡೆದುದು ಸಿಟಿಗಿಂತ ಕಡಮೆ, ೬೬. ಹೊಡೆಸಿಕೊಂಡುದು ಸಿಟಿಗಿಂತ ಹೆಚ್ಚು, ೮೭. ಎರಡು ಬಗೆಯಲ್ಲಿಯೂ ಸಿಟಿಗಿಂತ ಹೀನವಾಗಿದ್ದ ಡರ್ಬಿಯು ೪೦ ಅಂಕಗಳೊಡನೆ ಹದಿಮೂರನೆಯ ಸ್ಥಾನದಲ್ಲಿ ಸುಖವಾಗಿ ಕುಳಿತಿತು. ಹೀಗಿರುವಾಗ ಗೋಲುಗಳ ಮೊತ್ತವನ್ನು, ಹೊಡೆದುದಾಗಲಿ ಕೊಟ್ಟುದಾಗಲಿ, ಪತನಕ್ಕೆ ಕಾರಣವೆಂದು ಹೇಳಿದರೆ ವ್ಯಭಿಚಾರ ದೋಷವು ಬರುತ್ತದೆ. ಕಾರಣವೆಂದು ಹೇಳಿದುದು ಇದ್ದರೂ ಕಾರ್ಯವು ಕಾಣುವುದಿಲ್ಲ.

ತೃತೀಯ ಪಕ್ಷವು ನಿಯಮವನ್ನು ದೂಷಿಸುವುದು. ಇದಕ್ಕೆ ಆಧಾರವು ಬರ್ಮಿಂಗ್‌ಹ್ಯಾಮಿನ ಲೆಕ್ಕ: ಗೆಲವು ೧೦, ಸಮ ೧೮, ಸೋಲು ೧೪. ಸಿಟಿಗಿಂತ ನಾಲ್ಕು ಪಂದ್ಯಗಳನ್ನು ಕಡಮೆ ಗೆದ್ದ ಆ ಸಂಘವು ಸಿಟಿಗಿಂತ ಎರಡು ಅಂಕಗಳನ್ನು ಹೆಚ್ಚಾಗಿ ಪಡೆದು ಉಳಿಯಿತು. ೧೯೮೧ರಲ್ಲಿ ಇಂಗ್ಲೆಂಡಿನ ಲೀಗು ಗೆಲವಿಗೆ ಮೂರು ಅಂಕಗಳನ್ನು ಕೊಡುವ ನಿಯಮವನ್ನು ಮಾಡಿತು. ಅದನ್ನು ಹಿಂದಿನ ಆ ಪಟ್ಟಿಗೆ ಅನ್ವಯಿಸಿದರೆ ಸಿಟಿಗೂ ಆಲ್ಬಿಯನ್ನಿಗೂ ೫೦, ಗ್ರಿಮ್ಸ್‌ಬಿ, ಪೋರ್ಟ್ಸ್‌ಮತ್ ಮತ್ತು ಸ್ಟೋಕ್ ಸಂಘಗಳಿಗೆ ೫೧, ಬರ್ಮಿಂಗ್‌ಹ್ಯಾಮಿಗೆ ೪೮ ಅಂಕಗಳಾಗುತ್ತವೆ. ಆಗ ಬರ್ಮಿಂಗ್‌ಹ್ಯಾಮು ಕಟ್ಟಕಡೆಯದಾಗಿಯೂ, ಗೋಲುಗಳಲ್ಲಿ ಸಿಟಿಗಿಂತ ಹೀನವಾದ ಆಲ್ಬಿಯನ್ ಅದರ ಮೇಲಿನದಾಗಿಯೂ ಇಳಿದು, ಸಿಟಿಯು ಉಳಿದುಕೊಳ್ಳುತ್ತಿತ್ತು. ಈ ಗಣನೆಯು ಸ್ವಾರಸ್ಯವಾಗಿದೆ, ಆದರೆ ಪ್ರಮಾಣವಾಗಲಾರದು. ನಿಯಮವು ಬೇರೆಯಾಗಿದ್ದರೆ ಆಟವೂ ಬೇರೆಯಾಗುತ್ತಿತ್ತು. ಸಮಫಲಕ್ಕೆ ಅರ್ಧ ಬೆಲೆಯಿದ್ದ ಕಾಲದಲ್ಲಿ ಬರ್ಮಿಂಗ್‌ಹ್ಯಾಮಿನವರು ಅದನ್ನು ಅರಿತೇ ಸಮಗೊಳಿಸಿದರೆಂದು ಹೇಳಬಹುದಲ್ಲದೆ ಅವರ ಜಾಣತನವನ್ನು ಅನ್ಯಾಯವೆನ್ನಲಾಗದು. ನಿಯಮವು ಎಲ್ಲರಿಗೂ ಒಂದೇ ಆಗಿತ್ತು. ವರ್ಷದ ಮೊದಲೇ ಗೊತ್ತಿತ್ತು.

ಹೀಗೆ ಮೂರು ಪಕ್ಷಗಳೂ ನಿಲ್ಲದಿರುವಲ್ಲಿ ಸಿದ್ಧಾಂತವು ಯಾವುದು? ಪಟ್ಟಿಯನ್ನು ಅನ್ವಯ ವ್ಯತಿರೇಕಗಳಿಂದ ನೋಡಿದರೆ ಅದು ತಾನಾಗಿಯೇ ತಿಳಿಯುತ್ತದೆ. ಸಿಟಿಯೊಡನೆ ಇಳಿದ ಆಲ್ಬಿಯನ್ನಿನ ಲೆಕ್ಕವೂ ಗೆಲವು ೧೪, ಸಮ ೮, ಸೋಲು ೨೦. ಅಕ್ಷರಶಃ ಒಂದೇ ಲೆಕ್ಕ, ಒಂದೇ ಫಲ. ಒಬ್ಬರು ಮೂರು ಗೋಲು ಲಾಭದಲ್ಲಿದ್ದರು, ಇನ್ನೊಬ್ಬರು ಹದಿನೇಳು ಗೋಲು ನಷ್ಟದಲ್ಲಿದ್ದರು. ಆ ವ್ಯತ್ಯಾಸದಿಂದ ಸಿಟಿಗೆ ದೊರೆತುದು ಕಟ್ಟಕಡೆಯ ಸ್ಥಾನದ ಬದಲು ಅದರ ಮೇಲಿನ ಸ್ಥಾನ ಮಾತ್ರ. ಎಂಬತ್ತು ಗೋಲುಗಳ ರಾಶಿಯ ಫಲವು ಇಷ್ಟೇ ಆಯಿತು!

ಆ ವರ್ಷ ಪ್ರಥಮ ಶ್ರೇಣಿಯಲ್ಲಿ ನಡೆದ ೪೬೨ ಪಂದ್ಯಗಳಲ್ಲಿ ೧೨೫ ಸಮವಾದುವು. ಎಂದರೆ ಸಂಘವೊಂದಕ್ಕೆ ಸರಾಸರಿ ಹದಿನೈದು ಗೆಲವು, ಹದಿನೈದು ಸೋಲು, ಹನ್ನೊಂದು ಸಮ. ಸಿಟಿಯ ಗೆಲವುಗಳು ಸರಾಸರಿಗಿಂತ ಒಂದೇ ಕಡಮೆ. ಎಂಟನೆಯ ಸ್ಥಾನದ ಸಂಡರ್ಲೆಂಡ್ ಗೆದ್ದುದೂ ಹದಿನಾಲ್ಕೇ. ಆದರೆ ಸಂಡರ್ಲೆಂಡಿಗೆ ಸಮಫಲಗಳು ೧೬, ಸೋಲು ೧೨. ಸಿಟಿಗೆ ಸಮಫಲಗಳು ೮, ಸೋಲು ೨೦. ಇಪ್ಪತ್ತು ಪಂದ್ಯಗಳನ್ನು ಸೋತ ಸಂಘಗಳು ಮೂರೇ: ಸಿಟಿ, ಆಲ್ಬಿಯನ್, ಹಡರ್ಸ್‌ಫೀಲ್ಡ್. ಮೂರನೆಯದು ಉಳಿದುದು ೧೭ ಪಂದ್ಯಗಳನ್ನು ಗೆದ್ದುದರಿಂದ. ಆದಕಾರಣ ಪತನದ ಕಾರಣವು ಗೆಲ್ಲಲಾರದುದಲ್ಲ, ಗೋಲು ಹೊಡೆಯಲಾರದುದೂ ಅಲ್ಲ. ಕೈತಪ್ಪುತ್ತಿರುವ ಪಂದ್ಯವನ್ನು ಅರ್ಧಕ್ಕೆ ಉಳಿಸಿಕೊಳ್ಳಲಾರದುದು. ಹಿಂದಿನ ವರ್ಷ ಹದಿಮೂರು ಸಲ ಕೈಗೂಡಿದ ಆ ವಿದ್ಯೆಯು ಈ ವರ್ಷ ಎಂಟೇ ಸಲ ಕೈಗೂಡಿತು.

ಗೋಲುಗಳ ವಿಷಯದಲ್ಲಿ ಒಂದು ಅನುಮಾನವು ಇದಕ್ಕೆ ಪೋಷಕವಾಗಿದೆ. ಸಮವಾದ ಪಂದ್ಯಗಳಲ್ಲಿ ಲಾಭನಷ್ಟವಿಲ್ಲ. ಹಾಗಾದರೆ ಹದಿನಾಲ್ಕು ಗೆಲವುಗಳ ಅಂತರಗಳನ್ನು ಕೂಡಿದ ಮೊತ್ತವು ಇಪ್ಪತ್ತು ಸೋಲುಗಳ ಅಂತರಗಳನ್ನು ಕೂಡಿದ ಮೊತ್ತಕ್ಕಿಂತ ಮೂರು ಹೆಚ್ಚಾಗಿರಲೇಬೇಕು. ಕಡಮೆ ಸಂಖ್ಯೆಯ ಗೆಲವುಗಳು ಹೆಚ್ಚು ಸಂಖ್ಯೆಯ ಸೋಲುಗಳನ್ನು ಮೀರಿಸಬೇಕಾದರೆ ಗೆಲವುಗಳು ದೊಡ್ಡವಾಗಿಯೂ ಸೋಲುಗಳು ಅವಕ್ಕಿಂತ ಸಣ್ಣವಾಗಿಯೂ ಇದ್ದಿರಬೇಕು. ಎಂದರೆ, ಗೆದ್ದ ದಿನ ಬೇಕಾದುದಕ್ಕಿಂತ ಹೆಚ್ಚಾಗಿ ಸುರಿದ ಗೋಲುಗಳು ಸೋತ ದಿನ ಬೇಕಾದ ಒಂದಕ್ಕೆ ಒದಗಲಿಲ್ಲ. ಕೆರೆ ತುಂಬಿ ಕೋಡಿಬಿದ್ದ ನೀರು ಗದ್ದೆಗೆ ಲೆಕ್ಕವಲ್ಲವೆಂಬುದನ್ನು ಒಕ್ಕಲಿಗನು ಬಲ್ಲನು. ಒಂದೇ ಗೋಲಿನಿಂದ ಸೋತ ಪಂದ್ಯಗಳಲ್ಲಿ ಎರಡರಲ್ಲಿ ಒಂದೊಂದು ಗೋಲು ಹೆಚ್ಚಾಗಿ ದೊರೆತಿದ್ದರೆ ಅಂಕಗಳು ೩೮ ಆಗಿ, ಸರಾಸರಿಯಲ್ಲಿ ಹೀನವಾದ ಗ್ರಿಮ್ಸ್‌ಬಿಯು ಇಳಿದು, ಸಿಟಿಯು ನಿಲ್ಲುತ್ತಿತ್ತು. ೮೦ ಸಾಲಲಿಲ್ಲ, ತಕ್ಕ ಎಡೆಯಲ್ಲಿ ಬಿದ್ದಿದ್ದರೆ ೮೨ ಸಾಕಾಗುತ್ತಿತ್ತು.

ಇದರೊಡನೆ ಸಹಕಾರಿಯಾದ ಇನ್ನೊಂದು ಕಾರಣವೂ ಉಂಟು. ಆ ವರ್ಷದ ಶ್ರೇಣಿಯು ಬಹಳ ಇಕ್ಕಟ್ಟಾಗಿತ್ತು. ಚಾಂಪಿಯನ್ನಾದ ಆರ್ಸೆನಲ್ ಸಂಘಕ್ಕೆ ೫೨ ಅಂಕಗಳು, ಕಟ್ಟಕಡೆಯವರಿಗೆ ೩೬, ಅಂತರವು ಹದಿನಾರೇ. ಹಿಂದಿನ ವರ್ಷ ಅದು ಇಪ್ಪತ್ತೇಳಾಗಿತ್ತು. ಆ ಹಿಂದಿನ ವರ್ಷದಲ್ಲಿ ಇಳಿದವರು ೩೨ ಮತ್ತು ೩೦ ಅಂಕಗಳವರು; ೩೪ ಅಂಕಗಳ ಲೀಡ್ಸ್ ಮತ್ತು ಬೋಲ್ಟನ್ ಉಳಿದಿದ್ದುವು. ಸಿಟಿಯನ್ನು ೧೯೩೮ರಲ್ಲಿ ಕೆಡವಿದ ೩೬ ಅಂಕಗಳು ೧೯೩೭ರಲ್ಲಿ ಯಾರನ್ನೂ ಕೆಡವುತ್ತಿರಲಿಲ್ಲ. ಶಕ್ತಿಯು ಕುಗ್ಗಿದ ಸಂಘವು ಸಡಿಲವಾದ ವರ್ಷದಲ್ಲಾದರೆ ಹದಿನೆಂಟನೆಯ ಸ್ಥಾನದಲ್ಲಿ ಸದ್ದಿಲ್ಲದೆ ಉಳಿದು, ಮರುವರ್ಷ ಚೇತರಿಸಿಕೊಂಡು, ಚರಿತ್ರಕಾರರ ಕಣ್ಣಿಗೇ ಬೀಳುತ್ತಿರಲಿಲ್ಲ. ಹೀಗೆ ಶಕ್ತಿಯ ಹ್ರಾಸ, ಗೋಲುಗಳ ವಿಷಮವಿನಿಯೋಗ, ಶ್ರೇಣಿಯ ಸಂಕೋಚ ಎಂಬ ಮೂರು ಸಾಮಾನ್ಯ ಕಾರಣಗಳು ಒಂದೇ ವರ್ಷದಲ್ಲಿ ಕೂಡಿದುದರಿಂದ ಅಸಾಮಾನ್ಯವಾದ ಕಾರ್ಯವು ಹುಟ್ಟಿತು. ಅಸಾಮಾನ್ಯ ಕಾರ್ಯಕ್ಕೆ ಅಸಾಮಾನ್ಯ ಕಾರಣವನ್ನೇ ಹುಡುಕಬೇಕೆಂಬ ನಿರ್ಬಂಧವಿಲ್ಲ.

ಪತನದ ಪರಿಣಾಮವು ದೀರ್ಘವಾಯಿತು. ದ್ವಿತೀಯ ಶ್ರೇಣಿಯಲ್ಲಿ ಸಿಟಿಯು ೧೯೩೮-೩೯ನೆಯ ವರ್ಷವನ್ನು ಕಳೆಯಿತು, ಮೇಲೇರಲಿಲ್ಲ. ೧೯೩೯ರ ಸೆಪ್ಟೆಂಬರಿನಲ್ಲಿ ಮಹಾಯುದ್ಧವು ಪ್ರಾರಂಭವಾಗಿ, ಆ ವರ್ಷದ ಲೀಗು ಸಂಘವೊಂದಕ್ಕೆ ಮೂರೋ ನಾಲ್ಕೋ ಪಂದ್ಯಗಳಾಗುವಷ್ಟರಲ್ಲಿ ನಿಂತುಹೋಯಿತು. ೧೯೪೬ರವರೆಗೆ ಪುನಃ ನಡೆಯಲಿಲ್ಲ. ಬ್ರೂಕನ ಆಟವು ೧೯೪೦ರಲ್ಲಿ ರಸ್ತೆಯ ಅಪಘಾತವೊಂದರಿಂದ ಮುಗಿಯಿತು. ಡೊಹರ್ಟಿಯು ಡರ್ಬಿಗೆ ಹೋಗಿ ೧೯೪೬ರಲ್ಲಿ ಆ ಸಂಘಕ್ಕಾಗಿ ಕಪ್ಪನ್ನು ಗೆದ್ದನು. ಚಾಂಪಿಯನ್ ತಂಡವಾಗಿದ್ದವರ ಉತ್ತಮವಾದ ವರ್ಷಗಳನ್ನು ಯುದ್ಧವು ನುಂಗಿತು. ೧೯೩೮ರ ಮೇ ತಿಂಗಳಲ್ಲಿ ಕಳೆದುದನ್ನು ಮರುವರ್ಷ ಗಳಿಸಬಹುದೆಂದು ಅವರು ನಂಬಿದ್ದರೆ ಅದು ಅಯುಕ್ತವಾಗಿರಲಿಲ್ಲ. ಅವರಲ್ಲಿ ಹಲವರಿಗೆ ಆ ಮರುವರ್ಷವೇ ದೊರೆಯಲಿಲ್ಲ.

೧೯೪೬-೪೭ರಲ್ಲಿ ಸಂಘವು ದ್ವಿತೀಯ ಶ್ರೇಣಿಯ ಅಗ್ರಸ್ಥಾನವನ್ನು ಪಡೆದು ಹಿಂದಿನ ಪದವಿಗೆ ಮರಳಿತು. ಆ ವರ್ಷದ ನಡುವೆ ವೈಲ್ಡನ ಅಧಿಕಾರವು ೧೯೩೪ರ ಕಪ್ ತಂಡದ ನಾಯಕನಾಗಿದ್ದ ಸ್ಯಾಮ್ ಕವನ್ ಎಂಬಾತನಿಗೆ ಬಂದಿತ್ತು. ಹಳೆಯ ತಂಡದವರಲ್ಲಿ ಸ್ವಿಫ್ಟ್ ಗೋಲಿನಲ್ಲಿಯೂ ಬಾರ್ಕಸ್ ನಾಯಕನಾಗಿಯೂ ಇದ್ದರು. ೧೯೩೭ರ ಏರಿಕೆ, ೧೯೩೮ರ ಇಳಿತ, ೧೯೪೭ರ ಪುನರಾಗಮನ, ಈ ಮೂರನ್ನೂ ಮೈದಾನದಲ್ಲಿಯೇ ಕಂಡ ಕೆಲವರಲ್ಲಿ ಅವರಿಬ್ಬರು ಸೇರಿದವರು. ಸ್ವಿಫ್ಟ್ ೧೯೫೮ರ ಫೆಬ್ರುವರಿ ೬ರಂದು ಮ್ಯೂನಿಕ್ ನಗರದಲ್ಲಿ ನಡೆದ ವಿಮಾನಾಪಘಾತದಲ್ಲಿ ಮಡಿದನು. ಆಗ ಅವನು ಪತ್ರಿಕಾಬರಹಗಾರನಾಗಿ ಯುನೈಟೆಡ್ ತಂಡದೊಡನೆ ಪಯಣಿಸುತ್ತಿದ್ದನು.

ಗೋಲಿನ ಸರಾಸರಿಯ ನಿಯಮವನ್ನು ಇಂಗ್ಲೆಂಡಿನವರು ೧೯೭೬ರಲ್ಲಿ ತೆಗೆದುಹಾಕಿ, ಹೊಡೆದುದರಲ್ಲಿ ಕೊಟ್ಟುದನ್ನು ಕಳೆಯುವ ಕ್ರಮವನ್ನು ತಂದರು. ಗೆಲವಿನ ಬೆಲೆಯೂ ಅನಂತರ ಹೆಚ್ಚಿತು. ಆದರೆ ಎಂಬತ್ತು ಗೋಲುಗಳನ್ನು ವರ್ಷದ ಕೊನೆಯಲ್ಲಿ ಒಟ್ಟಾಗಿ ತೂಗಿ ಬೆಲೆಕಟ್ಟುವ ನಿಯಮವನ್ನು ಅಂದೂ ಮಾಡಲಿಲ್ಲ, ಇಂದೂ ಮಾಡಿಲ್ಲ. ಒಂದೊಂದು ಪಂದ್ಯವೂ ಒಂದೊಂದು ಪ್ರತ್ಯೇಕ ವ್ಯವಹಾರ. ಒಂದರ ಉಳಿಕೆಯು ಇನ್ನೊಂದರ ಕೊರತೆಗೆ ಸಲ್ಲದು. ಮ್ಯಾಂಚೆಸ್ಟರ್ ಸಿಟಿಯ ೧೯೩೭-೩೮ನೆಯ ವರ್ಷವನ್ನು ಈ ದೃಷ್ಟಿಯಿಂದ ನೋಡಿದವರಿಗೆ ಅದು ಒಗಟಾಗಿ ಉಳಿಯುವುದಿಲ್ಲ; ದುಃಖದ ಸಂಗತಿಯಾಗಿ ಮಾತ್ರ ಉಳಿಯುತ್ತದೆ.